ಇಲಿಗೆ ಮನೆ ಕಟ್ಟಿದವರು

ಇಲಿಯನ್ನು ಕೊಲ್ಲುವ ಉಪಾಯಗಳನ್ನು ಕುರಿತ ಮಾತು ಬಾನುಲಿಯ ಕೇಳುಗರಿಗೆ ಹೊಸದಲ್ಲ. ಸುಗ್ಗಿ ಹತ್ತಿರವಾದಾಗಲೆಲ್ಲ ರೈತ ಬಂಧುಗಳ ಕಾರ್ಯಕ್ರಮದಲ್ಲಿ ಬೋನು, ಪಾಷಾಣ, ಬಿಲಕ್ಕೆ ಹಾಕುವ ಹೊಗೆ ಇವುಗಳ ವಿವರ ಬಂದೇ ಬರುತ್ತದೆ. ನಾನು ಈ ಹೊತ್ತು ಹೇಳಹೊರಟಿರುವುದು ಅದಕ್ಕೆ ತೀರ ವಿರುದ್ಧವಾದ ಸಂಗತಿ. ಇಲಿಗೆ ಮನೆ ಕಟ್ಟಿಕೊಟ್ಟು, ಮೆತ್ತನೆಯ ಹಾಸು ಹಾಸಿ, ಹೊತ್ತುಹೊತ್ತಿಗೆ ಉಣಿಸಿ, ಅದರ ಕೆಮ್ಮು ನೆಗಡಿಗೆ ಮರುಗಿದವರೂ ಈ ಲೋಕದಲ್ಲಿ ಇದ್ದರು; ಇಂದಿಗೂ ಇದ್ದಾರೆ. ಬರೆದಿಟ್ಟ ದಾಖಲೆಯ ಮಟ್ಟಿಗೆ ಹೇಳುವುದಾದರೆ ಅವರ ಚರಿತ್ರೆ ಇನ್ನೂರೈವತ್ತು ವರ್ಷಗಳಷ್ಟು ಹಳೆಯದು.

ಕನ್ನಡಿಗರಾದ ನಮಗೆ ಈ ಮಾತು ಕಿವಿಗೆ ಬಿದ್ದೊಡನೆ ಮೈ ಜುಮ್ಮೆನ್ನುವುದು ಸಹಜ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಬೆಂಗಳೂರನ್ನು ಹೊಕ್ಕಿತು. ಮುಂದೆ ಹಲವು ದಶಕಗಳ ಕಾಲ ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ‘ಇಲಿ ಬಿತ್ತು’ ಎಂಬ ಎರಡು ಮಾತಿಗೆ ಇದ್ದ ಭೀಕರತೆ ಇನ್ನಾವ ಮಾತಿಗೂ ಇರಲಿಲ್ಲ. ಅಟ್ಟದಿಂದ ಒಂದು ಇಲಿ ತಾನಾಗಿ ಸತ್ತು ಬಿದ್ದರೆ ಸಾಕು, ಪಾತ್ರೆ ಪದಾರ್ಥ ಗಂಟುಕಟ್ಟಿಕೊಂಡು ಊರಾಚೆಯ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕು. ನಮ್ಮ ಹಿರಿಯರು ವರ್ಷಗಳ ಲೆಕ್ಕವನ್ನೇ ‘ಮೊದಲನೆಯ ಪ್ಲೇಗಿನ ವರ್ಷ’, ‘ಗುಡಿಸಲು ಹಾಕಿದ ವರ್ಷ’ ಎಂದು ಇಡುತ್ತಿದ್ದರು. 1965ರಲ್ಲಿ ಪ್ರಕಟವಾದ ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ ಅಗ್ರಹಾರದೊಳಗೆ ಇಲಿಗಳು ಸಾಯತೊಡಗುವ ಭಾಗವನ್ನು ಓದಿದ ಹಳಬರಿಗೆ ಅದು ಬರಿಯ ಪ್ರತೀಕವಾಗಿರಲಿಲ್ಲ, ಕಂಡುಂಡ ಸಂಗತಿಯಾಗಿತ್ತು. ಒಂದು ಮಾತು ಮಾತ್ರ ಸೇರಿಸಬೇಕು: ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳಂಥ ಗಾಳಿ ಬೆಳಕಿನ ಬಡಾವಣೆಗಳು ಬೆಳೆದುದಕ್ಕೆ ಪ್ಲೇಗು ಒಂದು ದೊಡ್ಡ ಕಾರಣ. ಮನುಷ್ಯ ಇಲಿಗೆ ಮನೆ ಕಟ್ಟಿದ ಕಥೆಗೆ ಮೊದಲು, ಇಲಿ ಮನುಷ್ಯನಿಗೆ ಮನೆ ಕಟ್ಟಿಸಿದ ಕಥೆಯೂ ಒಂದುಂಟು ಎಂದಂತಾಯಿತು.

ಆದರೆ ನಮ್ಮ ಅಟ್ಟದ ಇಲಿ ಬೇರೆ, ಪಂಜರದಲ್ಲಿ ಸಾಕುವ ಇಲಿ ಬೇರೆ. ನಮ್ಮ ಮನೆಗಳಲ್ಲಿ ತೊಲೆಯಿಂದ ತೊಲೆಗೆ ಓಡುವುದು ಕರಿಯಿಲಿಯ ಜಾತಿ. ಮೈ ಸಣ್ಣ, ಕಿವಿ ದೊಡ್ಡದು, ಬಾಲ ಮೈಗಿಂತ ಉದ್ದ, ಹತ್ತುವುದರಲ್ಲಿ ನಿಪುಣ. ಪ್ಲೇಗಿನ ಚಿಗಟವನ್ನು ನಮ್ಮ ಮನೆಗಳೊಳಕ್ಕೆ ತಂದದ್ದು ಮುಖ್ಯವಾಗಿ ಇದೇ. ಇಲಿಯ ಚಿಗಟದಿಂದಲೇ ರೋಗ ಹರಡುವುದೆಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೋನ್ 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ. ಆಗ ಅವನನ್ನು ನಂಬಿದವರು ಕಡಿಮೆ. ಲೋಕದ ಪಂಜರಗಳಲ್ಲಿರುವುದು ಕಂದು ಇಲಿಯ ಸಂತತಿ. ಇದರ ಮೂಲ ಉತ್ತರ ಚೀನಾ, ಮಂಗೋಲಿಯಾಗಳ ಬಯಲು. 18ನೆಯ ಶತಮಾನದಲ್ಲಿ ಇದು ಯೂರೋಪನ್ನು ತುಂಬಿತು. 1769ರಲ್ಲಿ ಬರ್ಕೆನ್‌ಹೌಟ್ ಎಂಬ ಆಂಗ್ಲ ಪಂಡಿತ ಇದು ನಾರ್ವೆಯ ಹಡಗುಗಳಲ್ಲಿ ಬಂದದ್ದೆಂದು ತಿಳಿದು ಅದಕ್ಕೆ ನಾರ್ವೆಯ ಹೆಸರನ್ನೇ ಇಟ್ಟುಬಿಟ್ಟ. ಹೆಸರು ತಪ್ಪೆಂದು ಗೊತ್ತಾದ ಮೇಲೂ ಶಾಸ್ತ್ರಗ್ರಂಥಗಳಲ್ಲಿ ಅದೇ ಉಳಿದಿದೆ. ಇದು ಹತ್ತುವುದಕ್ಕಿಂತ ತೋಡುವುದನ್ನು ಹೆಚ್ಚು ಬಲ್ಲದು. ಹಿತೋಪದೇಶದ ಹಿರಣ್ಯಕ ಅಪಾಯಕ್ಕೆ ಹೆದರಿ ನೂರು ಬಾಗಿಲಿನ ಬಿಲ ಮಾಡಿಕೊಂಡಿದ್ದನಲ್ಲವೆ? ಆ ಕಥೆಗಾರ ಇಲಿಯ ಬಿಲವನ್ನು ಅಗೆದು ನೋಡಿದವನೇ ಇರಬೇಕು. ಇಲಿಯ ಮನೆಗೆ ಬರುವ ಬಾಗಿಲಿಗಿಂತ ಓಡಿಹೋಗುವ ಬಾಗಿಲು ಮುಖ್ಯ. ಪಂಜರ ಕಟ್ಟುವವರು ಇದನ್ನು ನೆನಪಿನಲ್ಲಿಡಬೇಕು. ಮುಂದೆ ಆ ಮಾತಿಗೆ ಬರುತ್ತೇನೆ.

ಇಲಿಗೆ ಗೌರವದ ಸ್ಥಾನ ಕೊಟ್ಟ ನಾಡುಗಳಲ್ಲಿ ನಮ್ಮದು ಮೊದಲನೆಯದು. ಭಾದ್ರಪದದ ಚೌತಿಯ ದಿನ ಮೂಷಿಕವಾಹನನನ್ನು ಪೂಜಿಸುತ್ತೇವೆ. ಮರುದಿನ ಅಟ್ಟದಲ್ಲಿ ಬೋನು ಒಡ್ಡುತ್ತೇವೆ. ಇದರಲ್ಲಿ ನಮಗೆ ಯಾವ ವಿರೋಧವೂ ಕಾಣುವುದಿಲ್ಲ. ರಾಜಸ್ಥಾನದ ಬಿಕಾನೇರಿನ ಹತ್ತಿರ ದೇಶನೋಕ್ ಎಂಬಲ್ಲಿರುವ ಕರ್ಣಿಮಾತೆಯ ಗುಡಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅಲ್ಲಿಯ ಸಾವಿರಾರು ಇಲಿಗಳು ದೇವಿಯ ಕುಲದವರ ಪುನರ್ಜನ್ಮವೆಂದು ನಂಬಿಕೆ. ಅಗಲವಾದ ತಟ್ಟೆಗಳಲ್ಲಿ ಹಾಲು, ಕಾಳು, ಸಿಹಿ ಇಡುತ್ತಾರೆ. ಹದ್ದು ಗಿಡುಗ ಎರಗದಂತೆ ಅಂಗಳದ ಮೇಲೆ ಬಲೆ ಕಟ್ಟಿದ್ದಾರೆ. ಬಿಳಿಯ ಇಲಿ ಕಣ್ಣಿಗೆ ಬಿದ್ದರೆ ಭಾಗ್ಯ. ಆದರೂ ಇದು ಪೂಜೆಯೇ ಹೊರತು ಸಾಕಣೆಯಲ್ಲ. ಒಂದೊಂದು ಇಲಿಯನ್ನೂ ಗುರುತಿಟ್ಟು, ಜೋಡಿ ಮಾಡಿ, ಮರಿಗಳ ಬಣ್ಣ ಬರೆದಿಟ್ಟ ಮೊದಲ ಜನ ಜಪಾನೀಯರೆಂದು ತೋರುತ್ತದೆ.

ಅಲ್ಲಿಯೂ ದೇವರ ಸಂಬಂಧ ಇದ್ದೇ ಇದೆ. ಅಕ್ಕಿಮೂಟೆಯ ಮೇಲೆ ನಿಂತ ಸಂಪತ್ತಿನ ದೇವತೆ ದೈಕೊಕುವಿಗೆ ಬಿಳಿಯ ಇಲಿಯೇ ದೂತ. ಈ ದೈಕೊಕು ನಮ್ಮ ಮಹಾಕಾಲನೇ ಬೌದ್ಧರೊಡನೆ ಪ್ರಯಾಣ ಮಾಡಿ ವೇಷ ಬದಲಿಸಿದವನು. ಸ್ಮಶಾನದಿಂದ ಉಗ್ರಾಣಕ್ಕೆ ಬಂದು ಮೈ ತುಂಬಿಕೊಂಡವನು. ದೂತನನ್ನು ಮನೆಯಲ್ಲಿಟ್ಟುಕೊಂಡರೆ ದೇವರು ಬಾರದಿರುವನೆ? ವರ್ತಕರ ಪಟ್ಟಣವಾದ ಒಸಾಕಾದಲ್ಲಿ 1775ರಲ್ಲಿ ಇಲಿ ಸಾಕುವವರಿಗೆಂದೇ ಒಂದು ಸಚಿತ್ರ ಪುಸ್ತಕ ಅಚ್ಚಾಯಿತು. ಬಿಳಿಯವು, ಮಚ್ಚೆಯವು ಎಂದು ಬಗೆಬಗೆಯ ಇಲಿಗಳ ವಿವರ ಅದರಲ್ಲಿದೆ. ಹನ್ನೆರಡು ವರ್ಷಗಳ ಮೇಲೆ, 1787ರಲ್ಲಿ, ಕ್ಯೋಟೊದಲ್ಲಿ ಇನ್ನೊಂದು ಪುಸ್ತಕ ಬಂತು. ಅದು ಚಿಟ್ಟಿಲಿಗಳನ್ನು ಕುರಿತದ್ದು. ಯಾವ ಬಣ್ಣದ ಗಂಡಿಗೆ ಯಾವ ಬಣ್ಣದ ಹೆಣ್ಣನ್ನು ಕೂಡಿಸಿದರೆ ಎಂಥ ಮರಿ ಹುಟ್ಟುವುದೆಂದು ಅದು ತಿಳಿಸುತ್ತದೆ. ಮೆಂಡೆಲ್ ತನ್ನ ಬಟಾಣಿಯ ಲೆಕ್ಕವನ್ನು ಸಭೆಯ ಮುಂದಿಟ್ಟದ್ದು 1865ರಲ್ಲಿ. ಷೋಕಿಗೆ ಇಲಿ ಸಾಕಿದ ಅಂಗಡಿಕಾರರು ಪಾದ್ರಿಗಿಂತ ಮುಕ್ಕಾಲು ಶತಮಾನ ಮುಂಚೆಯೇ ಆ ಬಾಗಿಲನ್ನು ತಟ್ಟಿದ್ದರು. ತೆರೆದವನು ಮೆಂಡೆಲ್ ಎಂಬುದು ನಿಜ.

ಇಂಗ್ಲೆಂಡಿನಲ್ಲಿ ಇದೇ ಪ್ರಾಣಿ ಮನೆಯೊಳಕ್ಕೆ ಬಂದ ದಾರಿ ಬೇರೆ; ಅದು ರಕ್ತದಲ್ಲಿ ನೆನೆದ ದಾರಿ. 19ನೆಯ ಶತಮಾನದ ನಡುಗಾಲದ ಲಂಡನ್ನಿನ ಹೆಂಡದಂಗಡಿಗಳಲ್ಲಿ ಇಲಿಯ ಅಖಾಡಗಳಿದ್ದವು. ಗೋಡೆ ಕಟ್ಟಿದ ಗುಂಡಿಯೊಳಕ್ಕೆ ಗೋಣಿಗಟ್ಟಲೆ ಜೀವಂತ ಇಲಿಗಳನ್ನು ಸುರಿದು ಮೇಲೊಂದು ನಾಯಿಯನ್ನು ಬಿಡುವುದು. ಎಷ್ಟು ನಿಮಿಷಕ್ಕೆ ಎಷ್ಟು ಇಲಿ ಸತ್ತವೆಂದು ಗಡಿಯಾರ ಹಿಡಿದು ಪಣ ಕಟ್ಟುವುದು. ಬಡವರೂ ಸಿರಿವಂತರೂ ಒಂದೇ ಬೆಂಚಿನಲ್ಲಿ ಕುಳಿತು ನೋಡುತ್ತಿದ್ದ ಆಟ ಇದು. ಈ ಅಖಾಡಗಳಿಗೆ ಇಲಿ ಹಿಡಿದು ಮಾರುವುದೇ ಒಂದು ಕಸುಬಾಗಿತ್ತು. ಆ ಕಸುಬಿನವರಲ್ಲಿ ಜ್ಯಾಕ್ ಬ್ಲ್ಯಾಕ್ ಎಂಬವನ ಹೆಸರು ಉಳಿದುಬಂದಿದೆ. ಉಳಿಸಿದವನು ಹೆನ್ರಿ ಮೇಹ್ಯೂ. ಲಂಡನ್ನಿನ ಬಡವರ ಬಾಳನ್ನು ಅವರ ಬಾಯಿಂದಲೇ ಕೇಳಿ ಸಂಪುಟಗಳಲ್ಲಿ ಬರೆದಿಟ್ಟ ಈ ಪತ್ರಕರ್ತನಿಗೆ ಚರಿತ್ರೆಕಾರರು ಎಷ್ಟು ಕೃತಜ್ಞರಾಗಿದ್ದರೂ ಸಾಲದು. ರಾಜರ ವಂಶಾವಳಿ ಬರೆಯುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಇಲಿ ಹಿಡಿಯುವವನ ಮನೆಯ ಬಾಗಿಲಲ್ಲಿ ಕಾದು ಕೂರುವವರು ವಿರಳ.

ಬ್ಲ್ಯಾಕ್ ತನ್ನನ್ನು ವಿಕ್ಟೋರಿಯಾ ರಾಣಿಯ ಇಲಿಸಂಹಾರಕನೆಂದು ಕರೆದುಕೊಳ್ಳುತ್ತಿದ್ದ. ಹಸಿರು ಕೋಟು, ಕೆಂಪು ಒಳಗವಸು, ಹೆಗಲಿಂದ ಇಳಿಬಿದ್ದ ಪಟ್ಟಿ. ಪಟ್ಟಿಯ ಮೇಲೆ ಲೋಹದ ಇಲಿಗಳು. ಸತ್ತ ಇಲಿಯ ಅಚ್ಚು ತೆಗೆದು ತಾನೇ ಎರಕ ಹೊಯ್ದವು ಅವು. ಅದಕ್ಕೆ ಹೆಂಡತಿಯ ಅಡಿಗೆಯ ಪಾತ್ರೆಗಳನ್ನು ಎತ್ತಿಕೊಂಡಿದ್ದನಂತೆ. ಈ ವೇಷಧಾರಿ ದಿನವೆಲ್ಲ ಇಲಿಗಳನ್ನು ಕೊಲ್ಲುತ್ತ, ಕೊಲ್ಲಲಿಕ್ಕೆ ಮಾರುತ್ತ ಇದ್ದವನು. ಎಷ್ಟೋ ಸಲ ಕಚ್ಚಿಸಿಕೊಂಡು ಸಾಯುವ ಸ್ಥಿತಿಗೂ ಬಂದವನು. ಒಮ್ಮೆ ಹ್ಯಾಂಪ್‌ಸ್ಟೆಡ್‌ನಲ್ಲಿ ಒಂದು ಬಿಳಿಯ ಇಲಿ ಅವನ ಕೈಗೆ ಸಿಕ್ಕಿತು. ಅದನ್ನು ಅವನು ಕೊಲ್ಲಲಿಲ್ಲ. ಅದರಿಂದ ಸಂತತಿ ಬೆಳೆಸಿ, ಕಪ್ಪುಬಿಳಿ, ಕೆಂಬಿಳಿ, ಕಂದುಬಿಳಿ ಎಂದು ಮಚ್ಚೆಯ ಇಲಿಗಳ ಒಂದು ಕುಲವನ್ನೇ ಎಬ್ಬಿಸಿದ. ಅವು ಬಹಳ ಸಾಧುವಾದವೆಂದೂ, ಮನೆಯ ಹೆಂಗಸರು ಅಳಿಲಿನ ಪಂಜರದಲ್ಲಿಟ್ಟು ಸಾಕಲು ಕೊಂಡೊಯ್ದರೆಂದೂ ಅವನು ಮೇಹ್ಯೂವಿಗೆ ಹೇಳಿದ್ದಾನೆ. ಮೊದಮೊದಲು ಐದು, ಹತ್ತು ಷಿಲಿಂಗಿಗೆ ಒಂದರಂತೆ ಮಾರುತ್ತಿದ್ದವನು ಕೊನೆಗೆ ಎರಡೂವರೆ ಷಿಲಿಂಗಿಗೆ ಬಿಟ್ಟನಂತೆ. ಬೆಲೆಯ ಇಳಿತದಲ್ಲಿಯೇ ಇಲಿಗಳು ಎಷ್ಟು ಹೆಚ್ಚಿದವೆಂಬುದು ತಿಳಿಯುತ್ತದೆ.

ಅದೇ ಕೈ ಒಂದು ಇಲಿಯನ್ನು ನಾಯಿಯ ಬಾಯಿಗೆ ಎಸೆಯುತ್ತದೆ, ಇನ್ನೊಂದಕ್ಕೆ ಗೂಡು ಮಾಡುತ್ತದೆ. ನಡುವೆ ಇರುವ ವ್ಯತ್ಯಾಸ ಮೈಬಣ್ಣ ಮಾತ್ರ. ಇದನ್ನು ಕರುಣೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಬರಿಯ ಲಾಭ ಎಂದುಬಿಡುವುದೂ ಅನ್ಯಾಯವಾದೀತು. ಬ್ಲ್ಯಾಕನ ಮಾತುಗಳಲ್ಲಿ ತನ್ನ ಮಚ್ಚೆಯ ಇಲಿಗಳ ವಿಷಯ ಬಂದಾಗ ಒಂದು ಬಗೆಯ ಹೆಮ್ಮೆ ಇದೆ. ಒಳ್ಳೆಯ ಹೋರಿ ಕಟ್ಟಿದ ನಮ್ಮ ರೈತನ ಹೆಮ್ಮೆಯಂಥದು.

ಮುಂದಿನ ಅಧ್ಯಾಯ ಮರ್ಯಾದಸ್ಥರದು. ಚಿಟ್ಟಿಲಿ ಸಾಕುವವರ ರಾಷ್ಟ್ರೀಯ ಸಂಘವೊಂದು ಇಂಗ್ಲೆಂಡಿನಲ್ಲಿ 1895ರಲ್ಲಿ ಹುಟ್ಟಿತು. ಇಲಿಗಳಿಗೂ ಅದರಲ್ಲಿ ಪ್ರವೇಶ ಕೊಡಬೇಕೆಂದು ಮೇರಿ ಡಗ್ಲಸ್ ಎಂಬ ಮಹಿಳೆ ಹಟ ಹಿಡಿದು ಒಪ್ಪಿಸಿದರು. 1901ರ ಅಕ್ಟೋಬರಿನಲ್ಲಿ ಏಲ್ಸ್‌ಬರಿಯ ಪ್ರದರ್ಶನದಲ್ಲಿ ಮೊಟ್ಟಮೊದಲು ಇಲಿಗಳನ್ನು ಸಾಲಾಗಿಟ್ಟು ತೀರ್ಪು ಕೊಟ್ಟಾಗ ಬಹುಮಾನ ಬಂದದ್ದು ಅವರದೇ ಕಪ್ಪುಬಿಳಿಯ ಇಲಿಗೆ. 1912ರಲ್ಲಿ ಸಂಘದ ಹೆಸರಿನಲ್ಲಿಯೂ ಇಲಿ ಸೇರಿತು. 1921ರಲ್ಲಿ ಆಕೆ ತೀರಿಕೊಂಡ ಮೇಲೆ ಆಸಕ್ತಿ ಬತ್ತಿ, 1930ರ ಆಸುಪಾಸಿನಲ್ಲಿ ಹೆಸರಿನಿಂದಲೂ ಇಲಿ ಹೊರಬಿತ್ತು. ಇಲಿಗೇ ಮೀಸಲಾದ ಸಂಘ ಅಲ್ಲಿ ಮತ್ತೆ ಹುಟ್ಟಲು 1976 ಬರಬೇಕಾಯಿತು. ಮಕ್ಕಳ ಕಥೆಗಳ ಬಿಯಾಟ್ರಿಕ್ಸ್ ಪಾಟರ್ ಕೂಡ ಸ್ಯಾಮಿ ಎಂಬ ಬಿಳಿಯ ಇಲಿಯೊಂದನ್ನು ಸಾಕಿದ್ದರು. 1908ರಲ್ಲಿ ಬಂದ ತಮ್ಮ ಇಲಿಯ ಕಥೆಯನ್ನು ಅದರ ನೆನಪಿಗೇ ಅರ್ಪಿಸಿದ್ದಾರೆ. ಕೃತಿಯನ್ನು ಅರ್ಪಿಸಿಕೊಂಡ ಇಲಿ ಸಾಹಿತ್ಯ ಚರಿತ್ರೆಯಲ್ಲಿ ಬೇರೊಂದು ಇದ್ದಂತೆ ನಾನು ಕಾಣೆ.

ಈ ಷೋಕಿಯ ಇಲಿಗಳೇ ವಿಜ್ಞಾನದ ಮನೆಯನ್ನೂ ಹೊಕ್ಕವು. 2012ರಲ್ಲಿ ಜಪಾನಿನ ಕುರಾಮೊತೊ ಮತ್ತು ಸಂಗಡಿಗರು ಪ್ರಯೋಗಶಾಲೆಗಳ 117 ಬಿಳಿಯ ಇಲಿಯ ತಳಿಗಳನ್ನು ಪರೀಕ್ಷಿಸಿದಾಗ, ಅವೆಲ್ಲದರ ಬಿಳುಪಿನ ಮೂಲ ಒಂದೇ ಎಂದು ತಿಳಿದುಬಂತು. ಅಷ್ಟೇ ಅಲ್ಲ, ಆ ಬಿಳುಪಿನ ಅಡಿಯಲ್ಲಿ, ತಲೆಗೆ ಮುಸುಕು ಹಾಕಿದಂತೆ ಕಾಣುವ ಮಚ್ಚೆಯ ಇಲಿಯ ಗುಣ ಎಲ್ಲದರಲ್ಲಿಯೂ ಅಡಗಿತ್ತು. ಎಂದರೆ ಮೊದಲು ಯಾರೋ ಚೆಂದಕ್ಕಾಗಿ ಮಚ್ಚೆಯ ಇಲಿ ಸಾಕಿದ್ದರು. ಅವುಗಳ ನಡುವೆ ಒಂದು ಬಿಳಿಯ ಮರಿ ಹುಟ್ಟಿತು. ಲೋಕದ ಔಷಧಗಳನ್ನೆಲ್ಲ ನಮಗಿಂತ ಮೊದಲು ಉಂಡು ನೋಡಿದ ಅಸಂಖ್ಯಾತ ಬಿಳಿಯ ಇಲಿಗಳು ಆ ಒಂದು ಮರಿಯ ಮಕ್ಕಳು.

ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ 1906ರಿಂದ ಈ ಇಲಿಗಳನ್ನು ಕ್ರಮಬದ್ಧವಾಗಿ ಬೆಳೆಸತೊಡಗಿದರು. ಅಲ್ಲಿಯ ಹೆಲೆನ್ ಡೀನ್ ಕಿಂಗ್ ಎಂಬ ವಿದುಷಿ 1909ರಿಂದ ಒಡಹುಟ್ಟಿದ ಇಲಿಗಳನ್ನೇ ಕೂಡಿಸುತ್ತ ತಲೆತಲಾಂತರ ಸಂತತಿ ನಡೆಸಿದರು. ಮೊದಮೊದಲು ಇಲಿಗಳು ಬಡಕಲಾದವು, ಬಂಜೆಯಾದವು. ರಕ್ತಸಂಬಂಧದ ದೋಷ ಎಂದು ಎಲ್ಲರೂ ಹೇಳುವ ಹೊತ್ತಿಗೆ ಆಕೆ ಆಹಾರವನ್ನು ಬದಲಿಸಿ ನೋಡಿದರು. ದೋಷಗಳು ಬಹುಮಟ್ಟಿಗೆ ಮಾಯವಾದವು. ತಪ್ಪು ರಕ್ತದ್ದಲ್ಲ, ತಟ್ಟೆಯದು. ಪತ್ರಿಕೆಗಳು ಆಕೆಯನ್ನು ದಾಯಾದಿ ವಿವಾಹದ ಪ್ರಚಾರಕಿಯೆಂದು ಅಪಹಾಸ್ಯ ಮಾಡಿದವು. ಅದೇ ಸಂಸ್ಥೆಯಿಂದ 1923ರಲ್ಲಿ ಗ್ರೀನ್‌ಮನ್ ಮತ್ತು ಡ್ಯೂರಿಂಗ್ ಎಂಬವರ ಪುಸ್ತಕವೊಂದು ಬಂತು. ಬಿಳಿಯ ಇಲಿಯನ್ನು ಬೆಳೆಸುವ, ನೋಡಿಕೊಳ್ಳುವ ವಿಷಯವೇ ಅದರ ವಸ್ತು.

ಈ ಕಥೆಯಲ್ಲಿ ನಮ್ಮ ಪಾಲು ಎಲ್ಲಿ ಎಂದು ಕೇಳುವಿರಾದರೆ ಮೈಸೂರಿನಿಂದ ದೂರವೇನೂ ಹೋಗಬೇಕಾಗಿಲ್ಲ. ನೀಲಗಿರಿಯ ಕೂನೂರು ಸಾಕು. ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ಸೇನಾವೈದ್ಯ 1920ರ ದಶಕದಲ್ಲಿ ಅಲ್ಲಿ ಇಲಿಗಳನ್ನು ಇಟ್ಟುಕೊಂಡು ಅನ್ನದ ವಿಚಾರ ಮಾಡಿದ. ಆ ಶಾಲೆಯೇ ಮುಂದೆ ಹೈದರಾಬಾದಿಗೆ ಹೋಗಿ ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು. ಅವನು ಮಾಡಿದ್ದು ಸರಳವಾದ ಕೆಲಸ. ಒಂದೇ ವಯಸ್ಸಿನ ಇಲಿಗಳನ್ನು ಗುಂಪು ಮಾಡಿ ಒಂದು ಗುಂಪಿಗೆ ಸಿಖ್ಖರ ಊಟ, ಒಂದಕ್ಕೆ ಪಠಾಣರದು, ಒಂದಕ್ಕೆ ಮರಾಠರದು, ಗೂರ್ಖರದು, ಬಂಗಾಳಿಗಳದು, ಮದರಾಸಿನವರದು, ಮತ್ತೆ ಒಂದಕ್ಕೆ ಕನ್ನಡಿಗರದು ಎಂದು ಬಡಿಸಿದ. ಗೋಧಿಯ ರೊಟ್ಟಿ, ಬೆಣ್ಣೆ, ಹಾಲು, ಮೊಳಕೆಕಾಳು, ಹಸಿಯ ತರಕಾರಿ ತಿಂದ ಸಿಖ್ಖರ ಇಲಿ ಎಲ್ಲಕ್ಕಿಂತ ಚೆನ್ನಾಗಿ ಬೆಳೆಯಿತು. ಪಾಲಿಶ್ ಮಾಡಿದ ಅಕ್ಕಿ ತಿಂದ ಮದರಾಸಿನ ಇಲಿ ಎಲ್ಲಕ್ಕಿಂತ ಕೆಳಗೆ ನಿಂತಿತು. ಕನ್ನಡಿಗರ ಇಲಿ? ಮರಾಠರ ಇಲಿಗಿಂತ ಹಗುರ, ಮದರಾಸಿನ ಇಲಿಗಿಂತ ತೂಕ. ಗಡಿ ತಂಟೆಗಳ ಕಾಲದಲ್ಲಿ ಈ ತಕ್ಕಡಿ ಯಾರ ಕಣ್ಣಿಗೂ ಬೀಳಲಿಲ್ಲವೆಂಬುದು ಒಂದು ಸಮಾಧಾನ.

ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಆ ಮನೆಯ ಇಲಿಗಳ ನಡತೆಯ ವಿಷಯ. ಮೆಕ್‌ಕ್ಯಾರಿಸನ್ನನ ಮೂಲ ಇಲಿಗಳಿಗೆ ಒಳ್ಳೆಯ ಆಹಾರದ ಜೊತೆಗೆ ಶುದ್ಧವಾದ ಗಾಳಿ, ಬಿಸಿಲು, ಚೊಕ್ಕಟವಾದ ಪಂಜರ ಇದ್ದವು. ಅವುಗಳಲ್ಲಿ ರೋಗ ಕಾಣುವುದೇ ಅಪರೂಪವಾಗಿತ್ತು. ಇನ್ನೊಂದು ಗುಂಪಿಗೆ ಇಂಗ್ಲೆಂಡಿನ ಬಡವರ ಊಟ: ಬಿಳಿ ಬ್ರೆಡ್ಡು, ಮಾರ್ಗರೀನು, ಸಕ್ಕರೆಯ ಚಹ, ಡಬ್ಬಿಯ ಮಾಂಸ, ಬೇಯಿಸಿ ಸಾರವಿಲ್ಲದ ತರಕಾರಿ. ಅವು ಕುಗ್ಗಿದವು, ಸಿಡುಕಾದವು, ಅನ್ನವಿಡುವ ಕೈಯನ್ನೇ ಕಚ್ಚತೊಡಗಿದವು. ಎರಡು ತಿಂಗಳು ಕಳೆಯುವಷ್ಟರಲ್ಲಿ ತಮ್ಮಲ್ಲಿಯ ದುರ್ಬಲವಾದವನ್ನು ಕೊಂದು ತಿನ್ನುವುದಕ್ಕೂ ಇಳಿದವು. ಸ್ವಭಾವ ಎಂದು ನಾವು ಹಳಿಯುವುದರಲ್ಲಿ ಎಷ್ಟು ಪಾಲು ಹೊಟ್ಟೆಯದು, ಎಷ್ಟು ಪಾಲು ಮನೆಯದು ಎಂಬ ಪ್ರಶ್ನೆ ಅಲ್ಲಿಯೇ ಎದ್ದು ನಿಂತಿತ್ತು.

ಮನೆಯ ಪಾಲನ್ನು ತೋರಿಸಿದವರು ಕೆನಡಾದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ಹೆಬ್ಬ್. ಅವರು ಕೆಲವು ಇಲಿಗಳನ್ನು ಪ್ರಯೋಗಶಾಲೆಯಿಂದ ಮನೆಗೆ ತಂದರು. ಹೆಣ್ಣುಮಕ್ಕಳು ಅವನ್ನು ಸಾಕಿದರು. ಇಲಿಗಳು ಮನೆಯೊಳಗೆ ಓಡಾಡಿಕೊಂಡು ಬೆಳೆದವು. ಮುಂದೆ ದಾರಿ ಹುಡುಕುವ ಪರೀಕ್ಷೆ ಇಟ್ಟಾಗ, ಪಂಜರದಲ್ಲಿಯೇ ಬೆಳೆದ ಇಲಿಗಳಿಗಿಂತ ಇವು ಮೇಲಾದವು. 1947ರಲ್ಲಿ ಅವರು ಪ್ರಕಟಿಸಿದ ಈ ಪುಟ್ಟ ಸಂಗತಿಯಿಂದ ಒಂದು ಶಾಸ್ತ್ರವೇ ಬೆಳೆಯಿತು. 1960ರ ದಶಕದಲ್ಲಿ ಬರ್ಕ್‌ಲಿಯ ರೋಸೆನ್‌ಜ್ವೈಗ್, ಮೇರಿಯನ್ ಡೈಮಂಡ್ ಮುಂತಾದವರು, ಆಟದ ಸಾಮಾನು ಮತ್ತು ಜೊತೆಗಾರರಿರುವ ಪಂಜರದ ಇಲಿಗಳ ಮೆದುಳಿನ ಹೊರಪದರವೇ ದಪ್ಪವಾಗುವುದೆಂದು ಅಳೆದು ತೋರಿಸಿದರು. 1970ರ ದಶಕದ ಕೊನೆಗೆ ಕೆನಡಾದ ಬ್ರೂಸ್ ಅಲೆಕ್ಸಾಂಡರ್ ಮಾಮೂಲಿ ಪಂಜರದ ಇನ್ನೂರರಷ್ಟು ವಿಶಾಲವಾದ ಒಂದು ‘ಇಲಿ ಉದ್ಯಾನ’ ಕಟ್ಟಿಸಿದರು. ಒಂಟಿ ಪಂಜರದ ಇಲಿಗಳು ಅಫೀಮಿನ ಸತ್ತ್ವ ಬೆರೆಸಿದ ನೀರಿಗೆ ಮುಗಿಬಿದ್ದವು. ಉದ್ಯಾನದ ಇಲಿಗಳು ಅದನ್ನು ಅಷ್ಟಾಗಿ ಮುಟ್ಟಲಿಲ್ಲ. ಅದೇ ಪ್ರಯೋಗವನ್ನು ಮತ್ತೆ ಮಾಡಿದವರಿಗೆಲ್ಲ ಅದೇ ಫಲ ಸಿಕ್ಕಲಿಲ್ಲವಾದ್ದರಿಂದ ಅದರ ಮೇಲೆ ದೊಡ್ಡ ಸಿದ್ಧಾಂತ ಕಟ್ಟುವುದು ಸಲ್ಲದು. ಆದರೆ ಒಂಟಿತನ ಇಲಿಗೆ ಒಗ್ಗದು ಎಂಬುದನ್ನು ಇಲಿ ಸಾಕಿದ ಯಾರೂ ಅಲ್ಲಗಳೆಯುವುದಿಲ್ಲ.

ನಮ್ಮ ಬೀದಿಯ ಕಾಲೇಜು ಹುಡುಗಿಯೊಬ್ಬಳು ಎರಡು ಹೆಣ್ಣು ಇಲಿಗಳನ್ನು ಸಾಕಿದಳು. ಪ್ಲೇಗಿನ ಕಥೆಗಳನ್ನು ಕೇಳಿ ಬೆಳೆದ ಅವಳ ಅಜ್ಜಿ ಒಂದು ತಿಂಗಳು ಆ ಕೋಣೆಗೆ ಕಾಲಿಡಲಿಲ್ಲ. “ಹೆಣ್ಣುಮಕ್ಕಳು ಗಿಳಿ ಸಾಕೋದು ಕಂಡಿದ್ದೆ, ಇದೇನೇ ತಾಯಿ ನಿನ್ನ ಅವತಾರ!” ಎಂದು ಬಾಗಿಲಲ್ಲಿಯೇ ನಿಂತು ಅನ್ನುತ್ತಿದ್ದರು. ನಾನು ಕುತೂಹಲದಿಂದ ಹೋಗಿ ನೋಡುತ್ತಿದ್ದೆ. ಪಂಜರ ಎರಡು ಅಂತಸ್ತಿನದು. ಸುತ್ತ ಕಂಬಿ, ಗಾಳಿ ಧಾರಾಳ, ಆದರೆ ತಳ ಮಾತ್ರ ಗಟ್ಟಿ ಹಲಗೆ. ತಂತಿಯ ಮೇಲೆಯೇ ನಡೆದರೆ ಇಲಿಯ ಅಂಗಾಲು ಹುಣ್ಣಾಗುತ್ತದೆ. ಹಳೆಯ ಟವೆಲಿನ ಜೋಲಿ, ಎರಡೂ ಕಡೆ ಬಾಯಿರುವ ಒಂದು ಮಣ್ಣಿನ ಕೊಳವೆ. ಹಿರಣ್ಯಕನ ನೂರು ಬಾಗಿಲು ಇಲ್ಲದಿದ್ದರೂ ಎರಡಾದರೂ ಇದ್ದವು. ಹಾಸಿಗೆ ಅವಳು ಕಾಗದದ ಚೂರು ಬಳಸುತ್ತಿದ್ದಳು. ದೇವದಾರು, ಪೈನ್ ಮರಗಳ ಹೊಟ್ಟಿನ ಘಾಟು ಇಲಿಯ ಶ್ವಾಸಕೋಶಕ್ಕೆ ಕೇಡು. ಮೂತ್ರದಿಂದೇಳುವ ಅಮೋನಿಯಾ ಅದಕ್ಕಿಂತ ಕೇಡು. ಸಾಕಿದ ಇಲಿಗಳಲ್ಲಿ ಹೆಚ್ಚಿನವು ಹೋಗುವುದು ಉಸಿರಾಟದ ಬೇನೆಯಿಂದ. ಗಾಜಿನ ಮೀನುತೊಟ್ಟಿಯಲ್ಲಿ ಇಲಿಯಿಟ್ಟು ಮಾರುವ ಅಂಗಡಿಗಳವರು ಈ ಮಾತನ್ನು ಯಾರಿಗೂ ಹೇಳುವುದಿಲ್ಲ.

ಇಲಿಯ ಬಾಚಿಹಲ್ಲು ಬದುಕಿರುವಷ್ಟು ದಿನವೂ ಬೆಳೆಯುತ್ತದೆ. ಕಡಿಯಲು ಕಟ್ಟಿಗೆ ಕೊಡದಿದ್ದರೆ ಪಂಜರವನ್ನೇ ಕಡಿಯುತ್ತದೆ. ಅದಕ್ಕೆ ವಾಂತಿ ಬರುವುದಿಲ್ಲ. ಹೊಟ್ಟೆಗೆ ಹೋದ ವಿಷ ಹೊರಗೆ ಬರಲಾರದು, ಆದಕಾರಣವೇ ಹೊಸ ತಿನಿಸನ್ನು ಮೊದಲು ಚೂರು ಕಚ್ಚಿ ಕಾಯುತ್ತದೆ. ಮೈ ಬೆವರುವುದಿಲ್ಲ, ಸೆಕೆ ಆರಿಸಿಕೊಳ್ಳುವುದು ಮುಖ್ಯವಾಗಿ ಬಾಲದ ಮೂಲಕ. ಬಳ್ಳಾರಿ, ರಾಯಚೂರಿನ ಬೇಸಗೆಯಲ್ಲಿ ಇಲಿ ಸಾಕುವೆನೆನ್ನುವವರು ಇದನ್ನು ಯೋಚಿಸಬೇಕು. ಕೆಂಗಣ್ಣಿನ ಬಿಳಿಯ ಇಲಿಗೆ ಜೋರು ಬೆಳಕು ಆಗದು. ಗಂಡು ಹೆಣ್ಣು ಒಟ್ಟಿಗಿಟ್ಟರೆ ಮೂರು ವಾರಗಳ ಬಸಿರು. ಪಂಜರ ಸಾಲದಾಗಲು ಹೆಚ್ಚು ಕಾಲ ಬೇಡ. ಬಯಲಿನ ಇಲಿಯನ್ನು ಹಿಡಿದು ತಂದು ಸಾಕುವ ಸಾಹಸವಂತೂ ಕೂಡದು. ಇಲಿಜ್ವರ ಏನೆಂಬುದನ್ನು ದಕ್ಷಿಣ ಕನ್ನಡದವರಿಗೂ ಮಲೆನಾಡಿನವರಿಗೂ ನಾನು ಹೇಳಬೇಕಾಗಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಇಲಿಯ ಆಯುಸ್ಸು ಎರಡು ವರ್ಷ, ಹೆಚ್ಚೆಂದರೆ ಮೂರು. ವಿಸ್ಟಾರಿನ ಡೊನಾಲ್ಡ್‌ಸನ್ ಲೆಕ್ಕದಲ್ಲಿ ಇಲಿಯ ಒಂದು ದಿನ ಮನುಷ್ಯನ ಮೂವತ್ತು ದಿನಕ್ಕೆ ಸಮ. ಆ ಅಲ್ಪಾಯುಸ್ಸಿನಲ್ಲಿ ಅದು ನಗುತ್ತದೆ ಎಂದೂ ಈಚಿನವರು ಹೇಳುತ್ತಾರೆ. 1990ರ ದಶಕದ ಕೊನೆಗೆ ಅಮೆರಿಕದ ಯಾಕ್ ಪಾಂಕ್ಸೆಪ್, ಕಚಗುಳಿಯಿಟ್ಟಾಗ ಇಲಿಗಳು ನಮ್ಮ ಕಿವಿಗೆ ಎಟುಕದಷ್ಟು ಹೆಚ್ಚಿನ ಶ್ರುತಿಯಲ್ಲಿ ಚಿಲಿಪಿಲಿಗುಟ್ಟುವುದನ್ನು ಯಂತ್ರದಲ್ಲಿ ಹಿಡಿದರು. ಕಚಗುಳಿಯಿಟ್ಟ ಕೈಯನ್ನು ಅವು ಅಟ್ಟಿಸಿಕೊಂಡು ಬಂದವಂತೆ. ನಗೆಯೋ ಅಲ್ಲವೋ, ಕಚ್ಚಲು ಬಂದದ್ದಲ್ಲ ಎಂಬುದು ಖಂಡಿತ.

ಕಳೆದ ತಿಂಗಳು ನಮ್ಮ ಬೀದಿಯ ಎರಡು ಇಲಿಗಳಲ್ಲಿ ಒಂದು ಸತ್ತಿತು. ಉಳಿದದ್ದು ಜೋಲಿಯಿಂದ ಇಳಿಯುವುದನ್ನು ಬಿಟ್ಟಿತು. ಜೊತೆಗೆ ಮತ್ತೊಂದನ್ನು ತರಬೇಕು. ಆದರೆ ಹೊಸ ಇಲಿಯನ್ನು ನೇರವಾಗಿ ಹಳೆಯದರ ಮನೆಯೊಳಕ್ಕೆ ಬಿಡುವಂತಿಲ್ಲ, ರಕ್ತ ಬರುವವರೆಗೂ ಹೊಡೆದಾಡುವುದುಂಟು. ಮೊದಲು ಪಂಜರಗಳನ್ನು ಪಕ್ಕಪಕ್ಕದಲ್ಲಿಟ್ಟು, ಇದರ ಹಾಸನ್ನು ಅದಕ್ಕೆ, ಅದರ ಹಾಸನ್ನು ಇದಕ್ಕೆ ಹಾಕಿ, ವಾಸನೆಯ ಪರಿಚಯ ಮಾಡಿಸಬೇಕು. ಅಜ್ಜಿಯ ಕೋಣೆ ತಂಪಾಗಿದೆಯೆಂದು ಎರಡು ಪಂಜರಗಳೂ ಈಗ ಅಲ್ಲಿವೆ. ಇವತ್ತಿಗೆ ಐದು ದಿನವಾಯಿತು.